ಟಿವಿ ಬದಲಾಗಿದೆ, ನಾವೇನು ಮಾಡಬೇಕು? ಕಲಬುರಗಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾನು ಟಿವಿ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಮೊದಲು ಬರುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಅಣ್ಣಾರ, ಟಿವಿ ಚಾಲೂ ಆಗವಲ್ದು, ನೋಡ್ರಿ." ಹಿಂದಿನ ಮುಚ್ಚಳ ತೆಗೆದು, ಉಬ್ಬಿದ ಕೆಪಾಸಿಟರ್ ಕಿತ್ತು, ಹೊಸದು ಬೆಸುಗೆ ಹಾಕಿಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಈಗ ಟಿವಿ ಸರಿಯಾಗಿಯೇ ಇರುತ್ತದೆ, ಆದರೂ ಜನ ಬರುತ್ತಾರೆ. ಪಾಸ್‌ವರ್ಡ್ ಕೇಳುತ್ತಿದೆ, ಪ್ಲಾನ್ ಮುಗಿದಿದೆ ಅನ್ನುತ್ತಿದೆ, ಆ್ಯಪ್ ತೆರೆಯುತ್ತಿಲ್ಲ, ನಿನ್ನೆ ಬಂದ ಮ್ಯಾಚು ಇವತ್ತು ಬರುತ್ತಿಲ್ಲ. ಆಳಂದ, ಸೇಡಂ, ಶಹಾಪುರ, ಹುಮನಾಬಾದ್ ಕಡೆಯಿಂದ ಫೋನ್ ಮಾಡುವವರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

ಕೇಬಲ್ ತೆಗೆಸಿ ಬಿಡಲಾ?

ದಿನಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಹಗಲು ಹೊತ್ತು ಟಿವಿ ನೋಡುವವರು ಯಾರು? ಕೇಬಲ್ ತೆಗೆಸಲು ಬರುವವರು ಸಾಮಾನ್ಯವಾಗಿ ಮಗ. ಅವನು ಹಗಲೆಲ್ಲ ಹೊರಗೆ, ರಾತ್ರಿ ಫೋನಲ್ಲಿ. ಟಿವಿ ನೋಡುವವರು ಮನೆಯಲ್ಲಿರುವ ಆಯಿ, ಮುತ್ಯಾ. ಅವರನ್ನು ಕೇಳದೆ ಲೈನ್ ತೆಗೆಸಬೇಡಿ.

ಲೆಕ್ಕವನ್ನೂ ಕೂತು ಮಾಡಿ. 2019ರ ಫೆಬ್ರವರಿ 1ರಿಂದ ಟ್ರಾಯ್ (ಫೋನ್, ಕೇಬಲ್ ದರಗಳ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ) ಮಾಡಿದ ಹೊಸ ದರ ನಿಯಮ ಬಂತು. ಮೊದಲ 100 ಚಾನೆಲ್‌ಗೆ ಸಂಪರ್ಕ ಶುಲ್ಕ ಅಂತ ತಿಂಗಳಿಗೆ ಗರಿಷ್ಠ 130 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಅದರ ಮೇಲೆ ದುಡ್ಡಿನ ಚಾನೆಲ್‌ಗಳಿಗೆ ಬೇರೆ. ಮುಂದಿನ ವರ್ಷ ಅದೇ 130ಕ್ಕೆ 200 ಚಾನೆಲ್ ಅಂತಾಯಿತು. 2024ರಲ್ಲಿ ಆ ಗರಿಷ್ಠ ಮಿತಿಯನ್ನೇ ತೆಗೆದರು. ಈಗ ನಿಮ್ಮ ಕೇಬಲ್‌ನವರು ಎಷ್ಟು ತಗೊಳ್ಳುತ್ತಾರೋ ಅದನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಬಿಲ್ಲು ಬರೆಯಿರಿ. ಅದರ ಕೆಳಗೆ ಎರಡೋ ಮೂರೋ ಆ್ಯಪ್‌ಗಳ ವರ್ಷದ ಚಂದಾ ಹನ್ನೆರಡರಿಂದ ಭಾಗಿಸಿ ಬರೆಯಿರಿ. ಎಷ್ಟೋ ಮನೆಗಳಲ್ಲಿ ಆ್ಯಪ್ ಕಡೆಯ ಮೊತ್ತವೇ ಜಾಸ್ತಿ ಬರುತ್ತದೆ. ಬ್ರಾಡ್‌ಬ್ಯಾಂಡ್ ಹೇಗೂ ಮಕ್ಕಳ ಓದಿಗೆ, ಕೆಲಸಕ್ಕೆ ಬೇಕೇ ಬೇಕು ಅನ್ನುವ ಮನೆಯಾದರೆ ಲೆಕ್ಕ ಬೇರೆ. ಆಗ ಕೇಬಲ್ ತೆಗೆಸುವುದರಲ್ಲಿ ಅರ್ಥ ಇದೆ.

ದೇಶದಲ್ಲಿ ಜನ ಹೀಗೆ ಹೊರಗೆ ಹೋಗುತ್ತಿರುವುದು ನಿಜ. ಮನೆ ಮೇಲೆ ಡಿಶ್ ಹಾಕಿಸಿ ದುಡ್ಡು ಕೊಟ್ಟು ಡಿಟಿಎಚ್ ನೋಡುವವರು 2021ರ ಹೊತ್ತಿಗೆ ಸುಮಾರು 7 ಕೋಟಿ ಇದ್ದರು. 2025ಕ್ಕೆ 6 ಕೋಟಿಗಿಂತ ಕೆಳಗೆ ಇಳಿದರು. ಆದರೆ ಪಕ್ಕದ ಮನೆಯವರು ತೆಗೆಸಿದರು ಅಂತ ನೀವೂ ತೆಗೆಸಬೇಕಿಲ್ಲ. ಎರಡು ತಿಂಗಳು ಎರಡನ್ನೂ ಇಟ್ಟುಕೊಂಡು ನೋಡಿ. ಸೆಟ್‌ಟಾಪ್ ಬಾಕ್ಸ್ ಮೇಲೆ ಧೂಳು ಕೂತರೆ ನಿಮಗೇ ಗೊತ್ತಾಗುತ್ತದೆ.

ಇಷ್ಟು ಬೇಗ ಎಲ್ಲ ಹೇಗೆ ಬದಲಾಯಿತು?

ನಮ್ಮ ಭಾಗದವರು ಈ ಕಥೆಯನ್ನು ಹೆಮ್ಮೆಯಿಂದ ಹೇಳಬೇಕು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಆಕಾಶದಿಂದ ನೇರವಾಗಿ ಟಿವಿ ಇಳಿದಿದ್ದು ಕರ್ನಾಟಕದಲ್ಲಿ ಮೊದಲು ನಮ್ಮ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ 'ಸೈಟ್' ಅನ್ನುವ ಪ್ರಯೋಗ ಮಾಡಿದವು. ಉಪಗ್ರಹ ನಾಸಾದ್ದು, ಹೆಸರು ಎಟಿಎಸ್-6. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಕರ್ನಾಟಕದಿಂದ ಆರಿಸಿಕೊಂಡಿದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಆಗ ಯಾದಗಿರಿಯೂ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್, ಊರಿಗೊಂದು ಟಿವಿ, ಅದರ ಮುಂದೆ ಇಡೀ ಊರು. ಬಿತ್ತನೆ, ಬಾಣಂತಿ ಆರೈಕೆ, ಮಕ್ಕಳಿಗೆ ಪಾಠ, ಹಾಡು, ಎಲ್ಲ ಕನ್ನಡದಲ್ಲಿ. ಆಗ ಬೆಂಗಳೂರಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ.

ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದಿದ್ದು 1981ರ ನವೆಂಬರ್‌ನಲ್ಲಿ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಜೊತೆ ಬಣ್ಣದ ಟಿವಿ ಬಂತು. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಓಣಿ ಓಣಿಯಲ್ಲಿ ಕೇಬಲ್ ಎಳೆದರು.

ದೊಡ್ಡ ತಿರುವು ಬಂದಿದ್ದು 2016ರ ಸೆಪ್ಟೆಂಬರ್ 5ಕ್ಕೆ, ಜಿಯೋ ಶುರುವಾದ ದಿನ. ಅಲ್ಲಿವರೆಗೆ ತಿಂಗಳಿಗೆ ಒಂದು ಜಿಬಿ ಹಾಕಿಸಿ ಹನಿ ಹನಿಯಾಗಿ ಬಳಸುತ್ತಿದ್ದವರು ದಿನಕ್ಕೆ ಒಂದು ಜಿಬಿ ಬಳಸತೊಡಗಿದರು. ಅದೇ ವರ್ಷ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ಹಾಟ್‌ಸ್ಟಾರ್ ಒಂದು ವರ್ಷ ಮೊದಲೇ ಇತ್ತು. ಡೇಟಾ ಅಗ್ಗವಾಗದೇ ಇದ್ದಿದ್ದರೆ ಇವು ಯಾವುದೂ ನಮ್ಮ ಜೇವರ್ಗಿಯ ಓಣಿಗೆ ಬರುತ್ತಿರಲಿಲ್ಲ.

ಒಂದು ಮಾತ್ರ ನನಗೆ ನೋವು ತರುತ್ತದೆ. ಅವತ್ತು ಟಿವಿ ಊರಿಗೆಲ್ಲ ಒಂದು, ದುಡ್ಡಿಲ್ಲದವರಿಗೂ ಸಿಗುತ್ತಿತ್ತು. ಇವತ್ತು ನೋಡಬೇಕಂದರೆ ಸ್ಮಾರ್ಟ್ ಟಿವಿ, ಇಂಟರ್ನೆಟ್, ಚಂದಾ ಮೂರೂ ಬೇಕು. ತೊಗರಿ ರಾಶಿ ಆದ ಮೇಲೆ ಕೈಯಲ್ಲಿ ದುಡ್ಡು ಕಾಣುವ ರೈತನಿಗೆ ತಿಂಗಳು ತಿಂಗಳು ಕಟ್ಟುವ ಈ ಪದ್ಧತಿ ಕಷ್ಟ. ಅವನ ಆದಾಯ ವರ್ಷಕ್ಕೊಮ್ಮೆ, ಚಂದಾ ಪ್ರತಿ ತಿಂಗಳು.

ದುಡ್ಡು ಕೊಡದೆ ನೋಡುವ ದಾರಿ ಇಲ್ಲವಾ?

ಇದೆ. ಡಿಡಿ ಫ್ರೀ ಡಿಶ್. 2004ರಿಂದ ಇದೆ. ಒಂದು ಸಲ ಡಿಶ್ ಮತ್ತು ಬಾಕ್ಸ್ ತಗೊಂಡರೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ, ದೂರದರ್ಶನದ ಉಳಿದ ಚಾನೆಲ್‌ಗಳು ಬರುತ್ತವೆ, ಹಿಂದಿ ಖಾಸಗಿ ಚಾನೆಲ್‌ಗಳೂ ಕೆಲವು ಬರುತ್ತವೆ. ಖಾಸಗಿಯವರು ಹರಾಜಿನಲ್ಲಿ ಜಾಗ ಹಿಡಿಯಬೇಕು, ಹಾಗಾಗಿ ಇವತ್ತು ಇದ್ದ ಚಾನೆಲ್ ಮುಂದಿನ ವರ್ಷ ಇರುತ್ತದೆ ಅನ್ನುವ ಭರವಸೆ ಇಲ್ಲ. ಕನ್ನಡದ ಜನಪ್ರಿಯ ಧಾರಾವಾಹಿಗಳಿಗೆ ಇದನ್ನೇ ನಂಬಬೇಡಿ. ಹೊಲದ ಮನೆಗೆ, ಇಂಟರ್ನೆಟ್ ಸರಿ ಇಲ್ಲದ ತಾಂಡಾಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ದೂರದರ್ಶನ ನಡೆಸುವ ಪ್ರಸಾರ ಭಾರತಿಯವರು 2024ರ ನವೆಂಬರ್‌ನಲ್ಲಿ 'ವೇವ್ಸ್' ಅಂತ ಆ್ಯಪ್ ತಂದಿದ್ದಾರೆ. ಇಂಟರ್ನೆಟ್ ಇದ್ದವರು ಅದನ್ನೂ ಹಾಕಿಕೊಂಡು ನೋಡಿ.

ಐಪಿಎಲ್ ಒಮ್ಮೆ ಫ್ರೀ, ಒಮ್ಮೆ ದುಡ್ಡು. ಯಾಕೆ ಹೀಗೆ?

2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕು ಹರಾಜಾಯಿತು. ಒಟ್ಟು 48,390 ಕೋಟಿ ರೂಪಾಯಿ. ಆ ಸಲ ಭಾರತದ ಟಿವಿ ಹಕ್ಕು ಒಬ್ಬರಿಗೆ, ಇಂಟರ್ನೆಟ್ ಹಕ್ಕು ಇನ್ನೊಬ್ಬರಿಗೆ ಹೋಯಿತು. ಟಿವಿ ಸ್ಟಾರ್‌ಗೆ 23,575 ಕೋಟಿಗೆ, ಇಂಟರ್ನೆಟ್ ವಯಾಕಾಮ್18ಗೆ 20,500 ಕೋಟಿಗೆ. ಇಬ್ಬರು ಪೈಪೋಟಿಗೆ ಬಿದ್ದರೆ ನೋಡುವವರಿಗೆ ಲಾಭ. 2023, 2024 ಎರಡೂ ವರ್ಷ ವಯಾಕಾಮ್18ನವರ ಜಿಯೋ ಸಿನಿಮಾದಲ್ಲಿ ಐಪಿಎಲ್ ಪೂರ್ತಿ ಫ್ರೀ ಇತ್ತು.

ಆಮೇಲೆ ಆ ಇಬ್ಬರೂ ಒಂದಾದರು. 2024ರ ನವೆಂಬರ್ 14ಕ್ಕೆ ಎರಡೂ ವ್ಯವಹಾರಗಳು ಸೇರಿ ಜಿಯೋಸ್ಟಾರ್ ಆಯಿತು. 2025ರ ಫೆಬ್ರವರಿ 14ಕ್ಕೆ ಜಿಯೋ ಸಿನಿಮಾ, ಹಾಟ್‌ಸ್ಟಾರ್ ಎರಡೂ ಕೂಡಿ ಜಿಯೋಹಾಟ್‌ಸ್ಟಾರ್ ಬಂತು. ಆ ವರ್ಷದಿಂದ ಪೂರ್ತಿ ಮ್ಯಾಚು ನೋಡಲು ಚಂದಾ ಅಥವಾ ಅದು ಸೇರಿರುವ ರೀಚಾರ್ಜ್ ಬೇಕಾಯಿತು. ಶುರುವಿನಲ್ಲಿ ಮೊಬೈಲ್ ಪ್ಲಾನ್ ಮೂರು ತಿಂಗಳಿಗೆ 149, ಟಿವಿಯಲ್ಲಿ ನೋಡುವ ಪ್ಲಾನ್ ಮೂರು ತಿಂಗಳಿಗೆ 299 ರೂಪಾಯಿ ಇತ್ತು.

ಅಂಗಡಿಗೆ ಬರುವ ಹುಡುಗರು "ಫ್ರೀ ಇದ್ದದ್ದು ಕಸಗೊಂಡ್ರು" ಅನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 20 ಸಾವಿರ ಕೋಟಿ ಹಾಕಿದವರು ಅದನ್ನು ಯಾರಿಂದಲಾದರೂ ವಾಪಸ್ ತೆಗೆಯಲೇಬೇಕಿತ್ತು. ಎರಡು ಅಂಗಡಿ ಎದುರುಬದುರು ಇದ್ದಾಗ ದರ ಇಳಿಯುತ್ತದೆ, ಒಂದೇ ಉಳಿದರೆ ಏರುತ್ತದೆ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಟ್ಟೆ ತಗೊಳ್ಳುವ ಯಾರಿಗಾದರೂ ಇದು ಗೊತ್ತು. ಮುಂದೆಯೂ ಎರಡು ಕಂಪನಿ ಒಂದಾದ ಸುದ್ದಿ ಓದಿದರೆ ನಿಮ್ಮ ಚಂದಾ ಏರುವ ಸಾಧ್ಯತೆ ಇದೆ ಅಂತಲೇ ಓದಿಕೊಳ್ಳಿ.

ದುಡ್ಡು ಕೊಟ್ಟ ಮೇಲೂ ಜಾಹೀರಾತು ಯಾಕೆ ಬರ್ತಿದೆ?

ಕಂಪನಿಗಳು ಹಾಗೆ ತೀರ್ಮಾನ ಮಾಡಿವೆ. ಪ್ರೈಮ್ ವಿಡಿಯೋದಲ್ಲಿ 2025ರ ಜೂನ್ 17ರಿಂದ ಭಾರತದಲ್ಲಿ ಜಾಹೀರಾತು ಶುರುವಾಯಿತು. ಬೇಡ ಅಂದರೆ ಮೇಲೆ ತಿಂಗಳಿಗೆ 129 ಅಥವಾ ವರ್ಷಕ್ಕೆ 699 ರೂಪಾಯಿ ಕೊಡಬೇಕು ಅಂದರು. ಮೊದಲು ಜಾಹೀರಾತು ಇಲ್ಲ ಅಂತಲೇ ಜನ ಸೇರಿದ್ದರು. ಹಾಗೆ ಸೇರಿದವರಿಗೆ ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಇದೇ ರೀತಿ ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಒಂದು ಮನೆಯ ಪಾಸ್‌ವರ್ಡ್ ಇನ್ನೊಂದು ಮನೆಯಲ್ಲಿ ನಡೆಯದ ಹಾಗೆ ಮಾಡಿತು. ಕಲಬುರಗಿಯ ಅಕ್ಕ, ಪುಣೆಯ ತಮ್ಮ ಒಂದೇ ಅಕೌಂಟ್ ಹಂಚಿಕೊಂಡಿದ್ದ ಮನೆಗಳು ನನಗೆ ಎಷ್ಟೋ ಗೊತ್ತು. ಅದೇ ಕಂಪನಿ 2021ರ ಡಿಸೆಂಬರ್‌ನಲ್ಲಿ ದರ ಇಳಿಸಿತ್ತು ಅನ್ನುವುದನ್ನೂ ಹೇಳಬೇಕು. ಮೊಬೈಲ್ ಪ್ಲಾನ್ 199ರಿಂದ 149ಕ್ಕೆ, ಬೇಸಿಕ್ 499ರಿಂದ 199ಕ್ಕೆ ಬಂದಿತ್ತು.

ಎಲ್ಲ ಆ್ಯಪ್‌ಗೂ ವರ್ಷಕ್ಕೆ ಕಟ್ಟಬೇಡಿ. ಒಂದು ತಿಂಗಳು ಒಂದು ಆ್ಯಪ್, ನೋಡಬೇಕಾದ್ದು ಮುಗಿದ ಮೇಲೆ ನಿಲ್ಲಿಸಿ ಇನ್ನೊಂದು. ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತದೆ.

ಸ್ಮಾರ್ಟ್ ಟಿವಿ ಇಷ್ಟು ಅಗ್ಗ ಹೇಗೆ? ಮೋಸ ಇರಬಹುದಾ?

ಮೋಸ ಅನ್ನಲಾರೆ. ಪರದೆ ತಯಾರಿಸುವ ಕೆಲಸದ ಬಹುಪಾಲು ಚೀನಾದಲ್ಲಿ ಸೇರಿಕೊಂಡಿದೆ, ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತದೆ, ಹಾಗಾಗಿ ದರ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು.

ಇನ್ನೊಂದು ಕಾರಣ ಇದೆ. ಅದನ್ನು ಅಂಗಡಿಯವರು ಹೇಳುವುದಿಲ್ಲ. ಟಿವಿ ಮಾರಿದ ದಿನವೇ ಕಂಪನಿಯ ಸಂಪಾದನೆ ನಿಲ್ಲುವುದಿಲ್ಲ. ಟಿವಿ ಹಾಕಿದ ಕೂಡಲೇ ಬರುವ ಮೊದಲ ಪರದೆ ಇದೆಯಲ್ಲ, ದೊಡ್ಡ ದೊಡ್ಡ ಚಿತ್ರಗಳು ಸರಿಯುತ್ತಿರುತ್ತವೆ, ಆ ಜಾಗ ಮಾರಾಟಕ್ಕಿದೆ. ರಿಮೋಟ್ ಮೇಲಿನ ಆ್ಯಪ್ ಬಟನ್‌ಗಳಿಗೂ ದುಡ್ಡು ಸಿಗುತ್ತದೆ. ನೀವು ಏನು ನೋಡುತ್ತೀರಿ ಅನ್ನುವ ಮಾಹಿತಿಗೂ ಬೆಲೆ ಇದೆ. ಅಮೆರಿಕದ ವಿಜಿಯೋ ಕಂಪನಿ 1 ಕೋಟಿ 10 ಲಕ್ಷ ಟಿವಿಗಳಲ್ಲಿ ಜನ ನೋಡುತ್ತಿದ್ದುದನ್ನು ಅವರಿಗೆ ತಿಳಿಯದಂತೆ ದಾಖಲಿಸುತ್ತಿತ್ತು ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ಆರೋಪ ಹೊರಿಸಿತು. 2017ರಲ್ಲಿ ಕಂಪನಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ಕಂಪನಿಯನ್ನು 2024ರಲ್ಲಿ ವಾಲ್‌ಮಾರ್ಟ್ 230 ಕೋಟಿ ಡಾಲರ್‌ಗೆ ಕೊಂಡಿತು. ಕಿರಾಣಿ ಮಾರುವ ಕಂಪನಿಗೆ ಟಿವಿ ಯಾಕೆ ಬೇಕಾಯಿತು? ಮುಖ್ಯವಾಗಿ ಜಾಹೀರಾತಿಗೆ.

ಹೊಸ ಟಿವಿ ಕೂಡಿಸಲು ಹೋದಾಗ ನಾನು ಮೊದಲು ಸೆಟ್ಟಿಂಗ್‌ಗೆ ಹೋಗಿ ಈ ದಾಖಲೆ ಮಾಡುವ ಆಯ್ಕೆ ಬಂದ್ ಮಾಡುತ್ತೇನೆ. ಎಲ್‌ಜಿಯಲ್ಲಿ 'ಲೈವ್ ಪ್ಲಸ್', ಸ್ಯಾಮ್‌ಸಂಗ್‌ನಲ್ಲಿ 'ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್' ಅಂತ ಇರುತ್ತದೆ. ಎರಡು ನಿಮಿಷದ ಕೆಲಸ. ನೀವೇ ಮಾಡಬಹುದು.

ಬ್ರಾಂಡ್ ನೋಡಿ ತಗೊಳ್ಳಲಾ?

ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು ಆಗಿರಬಹುದು. ತೋಶಿಬಾ ಹೆಸರಿನ ಟಿವಿ ವ್ಯವಹಾರ 2018ರಿಂದ ಚೀನಾದ ಹೈಸೆನ್ಸ್ ಕೈಯಲ್ಲಿದೆ. ಕೊಡ್ಯಾಕ್, ಥಾಮ್ಸನ್ ಹೆಸರಿನ ಟಿವಿಗಳನ್ನು ಭಾರತದಲ್ಲಿ ನೊಯಿಡಾದ ಸೂಪರ್ ಪ್ಲಾಸ್ಟ್ರಾನಿಕ್ಸ್ ಪರವಾನಗಿ ಪಡೆದು ಮಾಡುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ "ಹಳೇ ಹೆಸರು, ಗಟ್ಟಿ ಇರ್ತದ" ಅಂತ ಅಂದುಕೊಳ್ಳಬೇಡಿ. ಮೂರು ವಿಷಯ ಕೇಳಿ. ನಮ್ಮ ಊರಲ್ಲಿ ಸರ್ವಿಸ್ ಸೆಂಟರ್ ಇದೆಯಾ, ಇಲ್ಲ ಹೈದರಾಬಾದಿಗೆ ಕಳಿಸುತ್ತಾರಾ? ಪರದೆಗೆ ವಾರಂಟಿ ಎಷ್ಟು ವರ್ಷ? ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ? ಮೂರನೇ ಪ್ರಶ್ನೆಗೆ ಉತ್ತರ ಕೊಡುವ ಅಂಗಡಿಯವರು ನನಗೆ ಇನ್ನೂ ಸಿಕ್ಕಿಲ್ಲ. ಆದರೂ ಕೇಳಿ. ನಾಲ್ಕು ಜನ ಕೇಳಿದರೆ ಅವರೂ ತಿಳಿದುಕೊಳ್ಳುತ್ತಾರೆ.

ಟಿವಿ ಆರು ವರ್ಷದ್ದು, ಚೆನ್ನಾಗಿದೆ. ಆ್ಯಪ್ ಮಾತ್ರ ತೆರೆಯುತ್ತಿಲ್ಲ. ಟಿವಿ ಕೆಟ್ಟಿದೆಯಾ?

ಇಲ್ಲ, ದಯವಿಟ್ಟು ಎಸೆಯಬೇಡಿ. ಟಿವಿಯ ಪರದೆ ಹತ್ತು ವರ್ಷ ಬಾಳುತ್ತದೆ. ಒಳಗಿನ ಸಾಫ್ಟ್‌ವೇರ್ ಅಷ್ಟು ಬಾಳುವುದಿಲ್ಲ. ಆ್ಯಪ್ ಮಾಡುವವರು ಪ್ರತಿ ವರ್ಷ ಹೊಸದು ಸೇರಿಸುತ್ತಾರೆ, ಹಳೇ ಟಿವಿಯ ಮೆಮೊರಿ ಸಾಲದು, ಕೊನೆಗೆ ಒಂದು ದಿನ ಆ ಮಾದರಿಯನ್ನು ಕೈಬಿಡುತ್ತಾರೆ.

2025ರ ಮಾರ್ಚ್‌ನಲ್ಲಿ ಆಗಿದ್ದನ್ನು ಕೇಳಿ. ಫೋನಿನಲ್ಲಿ ಆರಿಸಿದ ವಿಡಿಯೋ ಟಿವಿಯಲ್ಲಿ ನೋಡಲು ಗೂಗಲ್‌ನ ಕ್ರೋಮ್‌ಕಾಸ್ಟ್ ಅಂತ ಸಣ್ಣ ಗುಂಡನೆಯ ಉಪಕರಣ ಇತ್ತು, 2015ರ ಎರಡನೇ ಮಾದರಿ. ಜಗತ್ತಿನ ಎಲ್ಲ ಕಡೆ ಒಂದೇ ಹೊತ್ತಿಗೆ ನಿಂತು ಹೋಯಿತು. ಸುಟ್ಟಿರಲಿಲ್ಲ, ಬಿದ್ದು ಒಡೆದಿರಲಿಲ್ಲ. ಉಪಕರಣ ಅಸಲಿ ಅಂತ ತೋರಿಸಲು ಒಳಗೆ ಇಟ್ಟಿದ್ದ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಕಂಪನಿ ಕೆಲ ದಿನಗಳಲ್ಲಿ ಸರಿಪಡಿಸಿತು. ಸರಿಪಡಿಸದೇ ಇದ್ದಿದ್ದರೆ ಎಲ್ಲ ಕಸವೇ. ಬೆಸುಗೆ ಕಡ್ಡಿ ಹಿಡಿದು ಇಪ್ಪತ್ತು ವರ್ಷ ಕಳೆದ ನನಗೆ ಆ ಸುದ್ದಿ ಓದಿ ಕೈ ಕಟ್ಟಿದ ಹಾಗಾಯಿತು. ಬೋರ್ಡಿನಲ್ಲಿ ತಪ್ಪಿದ್ದರೆ ನಾನು ಹುಡುಕುತ್ತೇನೆ. ಇದನ್ನು ಯಾವ ಊರಿನ ಯಾವ ರಿಪೇರಿಯವನೂ ಸರಿ ಮಾಡಲಾರ.

ಪರಿಹಾರ ಸುಲಭ ಇದೆ. ಟಿವಿ ಹಿಂದೆ ಬಾಕ್ಸ್ ವೈರ್ ಚುಚ್ಚುವ ಎಚ್‌ಡಿಎಂಐ ಜಾಗ ಇದೆಯಲ್ಲ, ಅಲ್ಲಿಗೆ ಚುಚ್ಚಿ ಆ್ಯಪ್ ಓಡಿಸುವ ಸ್ಟಿಕ್ ಅಥವಾ ಸಣ್ಣ ಬಾಕ್ಸ್ ತಗೊಳ್ಳಿ. ಹೊಸ ಟಿವಿಯ ಬೆಲೆಯ ಸಣ್ಣ ಭಾಗದಲ್ಲಿ ಹಳೇ ಟಿವಿ ಹೊಸದಾಗುತ್ತದೆ. ನನ್ನ ಗಿರಾಕಿಗಳಲ್ಲಿ ಹೊಸ ಟಿವಿ ತಗೊಳ್ಳಬೇಕು ಅಂತ ಬಂದ ಎಷ್ಟೋ ಜನರನ್ನು ಸ್ಟಿಕ್ ಕೊಟ್ಟು ವಾಪಸ್ ಕಳಿಸಿದ್ದೇನೆ.

ಎಷ್ಟು ಸ್ಪೀಡ್ ಬೇಕು? ಫೋನಿನ ಹಾಟ್‌ಸ್ಪಾಟ್ ಸಾಲದಾ?

ಇಂಟರ್ನೆಟ್ ವೇಗ ಅಳೆಯುವುದು ಎಂಬಿಪಿಎಸ್‌ನಲ್ಲಿ. ಸ್ಪಷ್ಟ ಚಿತ್ರದ ಎಚ್‌ಡಿಗೆ 5 ಎಂಬಿಪಿಎಸ್, ಅದಕ್ಕಿಂತಲೂ ಸ್ಪಷ್ಟವಾದ 4ಕೆಗೆ 15 ಎಂಬಿಪಿಎಸ್ ಇದ್ದರೆ ಸಾಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತದೆ. ಒಂದೇ ಟಿವಿ ಇರುವ ಮನೆಗೆ 300 ಎಂಬಿಪಿಎಸ್ ಪ್ಲಾನ್ ಸುಮ್ನೆ ದುಡ್ಡು ದಂಡ.

ಹಾಟ್‌ಸ್ಪಾಟ್‌ನಲ್ಲಿ ತೊಂದರೆ ಇರುವುದು ಡೇಟಾದ್ದು. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಇದ್ದವರಿಗೆ ಅರ್ಧ ಗಂಟೆಗೇ ಖಾಲಿ. ಟಿವಿಯ ಆ್ಯಪ್‌ನಲ್ಲಿ ಕ್ವಾಲಿಟಿ ಇಳಿಸಿದರೆ ಗಂಟೆಗೆ ಸುಮಾರು 1 ಜಿಬಿಯಲ್ಲಿ ಮುಗಿಯುತ್ತದೆ. ಫೈಬರ್ ಬರದ ಹಳ್ಳಿಗೆ ಮೊಬೈಲ್ ಟವರ್‌ನಿಂದ ವೈರಿಲ್ಲದೆ ಮನೆಗೆ ಬರುವ 5ಜಿ ಏರ್‌ಫೈಬರ್ ಒಂದು ದಾರಿ, 2023ರಿಂದ ಬಂದಿದೆ. ಆದರೆ ಟವರ್ ಒಂದೇ, ಬಳಸುವವರು ಹೆಚ್ಚಾದಂತೆ ರಾತ್ರಿ ಎಂಟರಿಂದ ಹತ್ತರವರೆಗೆ ನಿಧಾನ ಆಗಬಹುದು. ಹಾಕಿಸುವ ಮೊದಲು ಅದೇ ಊರಲ್ಲಿ ಹಾಕಿಸಿದವರ ಮನೆಗೆ ರಾತ್ರಿ ಹೊತ್ತು ಹೋಗಿ ನೋಡಿ ಬನ್ನಿ.

ನಮ್ಮದು ಹಳೇ ಕಲ್ಲಿನ ಮನೆ. ವೈಫೈ ಒಂದು ಕೋಣೆ ದಾಟುವುದಿಲ್ಲ.

ನಮ್ಮ ಕಡೆಯ ಹಳೇ ಮನೆಗಳು ಗೊತ್ತಲ್ಲ. ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಕೆಳಗೆ ಶಹಾಬಾದ್ ಫರ್ಸಿ. ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ಆಳಂದ ತಾಲ್ಲೂಕಿನ ಒಂದು ವಾಡೆಗೆ ಹೋಗಿದ್ದೆ. ರೂಟರ್ ಪಡಸಾಲೆಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ. ನಡುವೆ ಒಂದೇ ಗೋಡೆ. ಬಾಗಿಲು ತೆರೆದರೆ ಸಿನಿಮಾ ಓಡುತ್ತಿತ್ತು, ಬಾಗಿಲು ಹಾಕಿದರೆ ನಡುವೆ ಗುಂಡಗೆ ತಿರುಗುತ್ತಾ ನಿಲ್ಲುತ್ತಿತ್ತು. ಮನೆಯ ಯಜಮಾನರು ಮೂರು ಸಲ ಪ್ಲಾನ್ ಏರಿಸಿದ್ದರು. ತಪ್ಪು ಪ್ಲಾನ್‌ನಲ್ಲಿ ಇರಲೇ ಇಲ್ಲ. ಬಾಗಿಲ ಚೌಕಟ್ಟಿನ ಮೇಲೆ ರೂಟರ್‌ನಿಂದ ಹದಿನೈದು ಮೀಟರ್ ಲ್ಯಾನ್ ವೈರ್ (ಇಂಟರ್ನೆಟ್ ವೈರ್) ಎಳೆದು ಟಿವಿ ಹಿಂದೆ ಚುಚ್ಚಿದೆ. ಮುಗಿಯಿತು. ಆಮೇಲೆ ಅವರು ಪ್ಲಾನ್ ಇಳಿಸಿ ಮೊದಲಿನದಕ್ಕೇ ಬಂದರು.

ವೈರ್ ಎಳೆಯಲು ಆಗದಿದ್ದರೆ ವೈಫೈನಲ್ಲಿ 2.4 ಗಿಗಾಹರ್ಟ್ಸ್ ಆರಿಸಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ.

ಕನ್ನಡದ್ದು ಯಾವ ಆ್ಯಪ್‌ನಲ್ಲಿ ಸಿಗುತ್ತದೆ?

ಕಲರ್ಸ್ ಕನ್ನಡದ ಕಾರ್ಯಕ್ರಮ ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡದ್ದು ಜೀ5ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಅಂದರೆ ಕೇಬಲ್‌ನಲ್ಲಿ ಒಂದರ ಪಕ್ಕ ಒಂದು ಬರುತ್ತಿದ್ದ ಮೂರು ಚಾನೆಲ್‌ಗೆ ಮೂರು ಆ್ಯಪ್.

ನಮ್ಮ ಗಡಿ ಮನೆಗಳ ಕಷ್ಟ ಇನ್ನೂ ಬೇರೆ. ಔರಾದ್, ಭಾಲ್ಕಿ ಕಡೆ ಮರಾಠಿಯೂ ಬೇಕು. ಗುರುಮಠಕಲ್, ಸೇಡಂ ಕಡೆ ತೆಲುಗೂ ಬೇಕು. ಕಲಬುರಗಿ, ಬೀದರ್ ಪೇಟೆಯಲ್ಲಿ ದಖನಿ ಮಾತಾಡುವವರಿಗೆ ಹಿಂದಿ, ಉರ್ದು ಬೇಕು. ಒಂದೇ ಮನೆಯಲ್ಲಿ ಸೊಸೆ ನಾಂದೇಡದವಳು, ಅತ್ತೆ ಹುಮನಾಬಾದಿನವರು, ಇಬ್ಬರೂ ಸಂಜೆ ಒಂದೇ ಟಿವಿ ಮುಂದೆ ಕೂರುತ್ತಾರೆ. ಕೇಬಲ್ ಪ್ಯಾಕ್‌ನಲ್ಲಿ ನಾಲ್ಕೂ ಭಾಷೆ ಸಿಗುತ್ತಿದ್ದವು. ಆ್ಯಪ್‌ಗಳ ಲೆಕ್ಕದಲ್ಲಿ ಇಂಥ ಮನೆ ಯಾರಿಗೂ ನೆನಪಾದಂತಿಲ್ಲ. ಇಂಥ ಮನೆಯವರು ಕೇಬಲ್ ಇಟ್ಟುಕೊಳ್ಳುವುದೇ ಲೇಸು ಅಂತ ನಾನು ಹೇಳುತ್ತೇನೆ.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಕನ್ನಡಕ್ಕೆ ಡಬ್ ಮಾಡಲು ಬಿಡದೆ ತಡೆಯುವುದು ತಪ್ಪು ಅಂತ 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿ ಬಾರದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ ಆದೇಶ ಮಾಡಿತು. ಈಗ ಬೇರೆ ಭಾಷೆಯ ಎಷ್ಟೋ ಸಿನಿಮಾಗಳಿಗೆ ಕನ್ನಡ ಧ್ವನಿ ಇದೆ. ಸಿನಿಮಾ ಓಡುವಾಗ 'ಆಡಿಯೋ' ಅಂತ ಇರುವ ಕಡೆ ಒತ್ತಿ ಕನ್ನಡ ಆರಿಸಿ. ಇದೆ ಅಂತ ಗೊತ್ತಿಲ್ಲದೆ ಹಿಂದಿಯಲ್ಲೇ ನೋಡುವವರು ಬಹಳ ಜನ. ನಾವು ಕನ್ನಡ ಒತ್ತಿದ್ದು ಕಂಪನಿಗೆ ಲೆಕ್ಕ ಸಿಗುತ್ತದೆ. ಒತ್ತಿದಷ್ಟೂ ಕನ್ನಡ ಹೆಚ್ಚಾಗುವ ಆಸೆ ಇಟ್ಟುಕೊಳ್ಳಬಹುದು, ಅಲ್ವಾ?

ಆಯಿಗೆ ಹೊಸ ರಿಮೋಟ್ ಬರುವುದಿಲ್ಲ.

ನಮ್ಮ ಆಯಿಗೂ ಬರುತ್ತಿರಲಿಲ್ಲ. ಹಳೇ ರಿಮೋಟ್‌ನಲ್ಲಿ ಅವರಿಗೆ ಮೂರು ಅಂಕಿ ಬೆರಳಿಗೆ ಗೊತ್ತಿತ್ತು. ಪ್ಲಾಸ್ಟಿಕ್ ಕವರ್ ಒಳಗಿಂದಲೇ, ನೋಡದೆ ಒತ್ತುತ್ತಿದ್ದರು. ಹೊಸದರಲ್ಲಿ ಅಂಕಿಯೇ ಇರಲಿಲ್ಲ. ಮೊದಲ ವಾರ ಅವರು ಟಿವಿ ಹಾಕಲೇ ಇಲ್ಲ. ಕೇಳಿದರೆ "ನನಗ ನೋಡೂ ಮನಸ್ಸಿಲ್ಲಪ್ಪಾ" ಅಂದರು. ಮನಸ್ಸಿತ್ತು. ತಪ್ಪಾಗಿ ಏನಾದರೂ ಒತ್ತಿ ಕೆಡಿಸಿಬಿಟ್ಟೇನು ಅನ್ನುವ ಅಂಜಿಕೆ ಅಷ್ಟೇ.

ನಾನು ಮಾಡಿದ್ದು ಹೇಳುತ್ತೇನೆ. ಗೂಗಲ್ ಟಿವಿಯಲ್ಲಿ 'ಆ್ಯಪ್ಸ್ ಓನ್ಲಿ ಮೋಡ್' ಅಂತ ಇದೆ, ಅದನ್ನು ಹಾಕಿದೆ. ಸರಿಯುವ ಚಿತ್ರಗಳೆಲ್ಲ ಹೋಗಿ ಆ್ಯಪ್‌ಗಳ ಸಾಲು ಮಾತ್ರ ಉಳಿಯಿತು. ಅವರು ನೋಡುವ ಆ್ಯಪ್ ಮೊದಲ ಜಾಗಕ್ಕೆ ತಂದೆ. ಬೇಕಾದ್ದನ್ನು ಆರಿಸುವ ನಡುವಿನ ಬಟನ್‌ಗೆ ಕೆಂಪು ಉಗುರು ಬಣ್ಣದ ಒಂದು ಚುಕ್ಕೆ ಇಟ್ಟೆ. ಹಿಂದಕ್ಕೆ ಹೋಗುವ ಬಟನ್‌ಗೆ ಎರಡು ಚುಕ್ಕೆ. ಎರಡು ದಿನ ಪಕ್ಕದಲ್ಲಿ ಕೂತೆ, ರಿಮೋಟ್ ನನ್ನ ಕೈಗೆ ತಗೊಳ್ಳಲಿಲ್ಲ. ಮೂರನೇ ದಿನ ಅವರೇ ಹಾಕಿಕೊಂಡು ಕೂತಿದ್ದರು. ಮೂವತ್ತು ಸಾವಿರದ ಟಿವಿ ತಂದು ಎರಡು ದಿನ ಪಕ್ಕದಲ್ಲಿ ಕೂರದಿದ್ದರೆ ಮನೆಯ ಹಿರಿಯರಿಂದ ಟಿವಿ ಕಸಿದುಕೊಂಡ ಹಾಗೇ.

ಹೇಳದೆ ಕೇಳದೆ ದುಡ್ಡು ಕಟ್ ಆಗುತ್ತಿದೆ.

ಫ್ರೀ ಟ್ರಯಲ್ ಅಂತ ಒತ್ತಿದಾಗ ಆಟೋಪೇಗೆ, ಅಂದರೆ ದುಡ್ಡು ತಾನಾಗಿಯೇ ಕಟ್ ಆಗುವುದಕ್ಕೆ, ಒಪ್ಪಿಗೆ ಕೊಟ್ಟಿರುತ್ತೀರಿ. ಆರ್‌ಬಿಐ ನಿಯಮದ ಪ್ರಕಾರ, 2021ರ ಅಕ್ಟೋಬರ್ 1ರಿಂದ, ಹೀಗೆ ದುಡ್ಡು ಕಟ್ ಮಾಡುವ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಆ ಸಂದೇಶ ಓದದೆ ಅಳಿಸಬೇಡಿ. ನಿಮ್ಮ ಯುಪಿಐ ಆ್ಯಪ್‌ನಲ್ಲಿ 'ಆಟೋಪೇ' ಅಂತ ಹುಡುಕಿ, ಬೇಡದ್ದನ್ನು ರದ್ದು ಮಾಡಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಇದು ಬಹಳ ಜನ ಮಾಡುವ ತಪ್ಪು.

ಸಿಡಿಲು, ಕರೆಂಟಿನ ಏರಿಳಿತ. ಸ್ಟೆಬಿಲೈಜರ್ ಬೇಕಾ?

ಟಿವಿ ಹಿಂದೆ 100-240 ವೋಲ್ಟ್ ಅಂತ ಬರೆದಿದ್ದರೆ ಸಾಮಾನ್ಯ ಏರಿಳಿತ ಅದೇ ತಡೆಯುತ್ತದೆ. ಕೊಲ್ಲುವುದು ಕರೆಂಟು ಹೋಗಿ ವಾಪಸ್ ಬರುವಾಗಿನ ಹೊಡೆತ ಮತ್ತು ಸಿಡಿಲು. ಈ ಹೊಡೆತ ತಡೆಯುವ ಒಳ್ಳೆ ಸರ್ಜ್ ಪ್ರೊಟೆಕ್ಟರ್ ಹಾಕಿ, ಮನೆಗೆ ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಗುಡುಗು ಶುರುವಾದರೆ ಪ್ಲಗ್ ತೆಗೆದರೆ ಸಾಲದು, ಡಿಶ್ ವೈರ್ ಮತ್ತು ಲ್ಯಾನ್ ವೈರ್ ಕೂಡ ಕೀಳಿ. ಮೇ ತಿಂಗಳ ಮೊದಲ ಮಳೆಯಾದ ಮರುದಿನ ನನ್ನ ಅಂಗಡಿಗೆ ಬರುವ ಟಿವಿಗಳಲ್ಲಿ ಎಚ್‌ಡಿಎಂಐ ಜಾಗ ಸುಟ್ಟವೇ ಜಾಸ್ತಿ. ಅಂದರೆ ಹೊಡೆತ ಬಂದಿದ್ದು ಬಾಕ್ಸ್ ಕಡೆಯಿಂದ.

ವಾರಂಟಿ ಇದ್ದರೂ ಸರಿ ಮಾಡಿಕೊಡುತ್ತಿಲ್ಲ. ಎಲ್ಲಿ ದೂರು ಕೊಡಲಿ?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಬಿಲ್ಲಿನ ಫೋಟೋ ಮೊದಲೇ ತೆಗೆದು ಇಟ್ಟುಕೊಳ್ಳಿ, ಆ ಕಾಗದದ ಅಕ್ಷರ ಒಂದು ವರ್ಷಕ್ಕೇ ಮಾಸಿ ಹೋಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಹಳೇ ಡಬ್ಬಿ ಟಿವಿ ಅಟ್ಟದ ಮೇಲಿದೆ. ಏನು ಮಾಡಲಿ?

ಒಡೆಯಬೇಡಿ. ತಾಮ್ರದ ಸುರುಳಿಗೋಸ್ಕರ ಕಲ್ಲಿನಿಂದ ಪಿಕ್ಚರ್ ಟ್ಯೂಬ್ ಒಡೆಯುವ ಹುಡುಗರನ್ನು ನಾನು ನೋಡಿದ್ದೇನೆ. ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಸೀಸ ಇದೆ, ಒಳಗೆ ಗಾಳಿಯೇ ಇರುವುದಿಲ್ಲ, ಒಡೆದರೆ ಚೂರು ಮುಖಕ್ಕೆ ಸಿಡಿಯುತ್ತದೆ. ಗುಜರಿಗೆ ಕೊಡುವ ಬದಲು ಇ-ತ್ಯಾಜ್ಯ ತಗೊಳ್ಳುವ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ. ಅಲ್ಲಿವರೆಗೆ ಕಲಬುರಗಿಗೆ ಬರುವಾಗ ಗಾಡಿಯಲ್ಲಿ ಹಾಕಿಕೊಂಡು ಬಂದರೆ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇನೆ. ಈಗ ಹನ್ನೊಂದು ಸೇರಿವೆ, ಗಾಡಿ ತುಂಬಿದಾಗ ಕಳಿಸುತ್ತೇನೆ.